ಎಂಟು ಡಿಸ್ಕಿಗೆ ಒಂದು ಕಾರ್ಡು: ಹಾಸನದ ಸ್ಟುಡಿಯೊ ಒಂದರ ಸರ್ವರ್ ಪ್ರಕರಣ

ಹಾಸನ ನಗರದ ಒಂದು ಫೋಟೊ-ವಿಡಿಯೊ ಸ್ಟುಡಿಯೊದ ಸರ್ವರ್‌ಗೆ ಕಡಿಮೆ ಬೆಲೆಯ ಡಿಸ್ಕ್ ಕಂಟ್ರೋಲರ್ ಕಾರ್ಡ್ (ಡಿಸ್ಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡು) ಆಯ್ಕೆ ಮಾಡಿದ ಕೆಲಸದ ವಿವರ ಇದು. ಮಾಲೀಕರ ಒಪ್ಪಿಗೆ ಪಡೆದು ಬರೆದಿದ್ದೇನೆ. ಸ್ಟುಡಿಯೊದ ಹೆಸರು, ಬಡಾವಣೆ, ಅಲ್ಲಿ ಕೆಲಸ ಮಾಡುವವರ ಗುರುತು, ತೊಂದರೆ ಕೊಟ್ಟ ಕಾರ್ಡಿನ ತಯಾರಕರ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ.

ಹಿನ್ನೆಲೆ

ಸ್ಟುಡಿಯೊದ ಮುಖ್ಯ ದುಡಿಮೆ ಮದುವೆಗಳದ್ದು. ಫೋರ್‌ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸಿದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ಚಪ್ಪರ, ಆರತಕ್ಷತೆ, ಧಾರೆ, ಕೊನೆಗೆ ಬೀಗರೂಟ ಎಂದು ಎರಡು ಕ್ಯಾಮೆರಾಗಳಲ್ಲಿ ಒಟ್ಟು ಆರು ಗಂಟೆಯಷ್ಟು ದೃಶ್ಯ ಸೇರಿದರೂ ಒಂದೇ ಮದುವೆಗೆ 270 ಜಿಬಿ ಬೇಕು. ಫೋಟೊಗಳ ಲೆಕ್ಕ ಬೇರೆ. ಇದನ್ನು ಬೇಗ ಅಳಿಸುವಂತೆಯೂ ಇಲ್ಲ, ಏಕೆಂದರೆ ಆಲ್ಬಂಗೆ ಫೋಟೊ ಆರಿಸಿಕೊಡಲು ಮನೆಯವರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಮಗುವಿನ ನಾಮಕರಣಕ್ಕೆ ಫೋಟೊಗ್ರಾಫರ್ ಗೊತ್ತು ಮಾಡಲು ಬಂದಾಗ ಮದುವೆಯ ಆಲ್ಬಂ ನೆನಪಿಸಿಕೊಂಡವರೂ ಇದ್ದಾರೆ ಎಂದು ಮಾಲೀಕರು ನಗುತ್ತಾ ಹೇಳಿದರು.

ಹಿಂದೆ ಎಲ್ಲವೂ ಬೀರುವಿನಲ್ಲಿ ಜೋಡಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಇರುತ್ತಿತ್ತು. ಕಂಪ್ಯೂಟರ್ ಆಸಕ್ತಿಯಿರುವ ಅಲ್ಲಿನ ಎಡಿಟರ್ ಯುವಕ ಹಳೆಯ ಟವರ್ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, 4 ಟಿಬಿಯ ಎಂಟು ಡಿಸ್ಕುಗಳನ್ನು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನಲ್ಲಿ ರೇಡ್-ಝಡ್2 ಎಂಬ ಬಗೆಯ ಒಂದೇ ಸಂಗ್ರಹವಾಗಿ (ಪೂಲ್) ಜೋಡಿಸಿ ಸರ್ವರ್ ಮಾಡಿದ್ದರು. ಈ ಜೋಡಣೆಯಲ್ಲಿ ಯಾವುದೇ ಎರಡು ಡಿಸ್ಕುಗಳು ಕೆಟ್ಟರೂ ಮಾಹಿತಿ ಉಳಿಯುತ್ತದೆ. ಆರು ಡಿಸ್ಕುಗಳಷ್ಟು, ಅಂದರೆ 24 ಟಿಬಿ ಜಾಗ ಬಳಕೆಗೆ ಸಿಗುತ್ತದೆ. ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮದರ್‌ಬೋರ್ಡಿನಲ್ಲಿ ಇದ್ದದ್ದು ಡಿಸ್ಕು ಸಿಕ್ಕಿಸುವ ಆರು ಸಾಟಾ ಪೋರ್ಟು ಮಾತ್ರ, ಅದರಲ್ಲೂ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದ್ದರಿಂದ ಒಂದು ಪೋರ್ಟು ತಾನಾಗಿಯೇ ನಿಷ್ಕ್ರಿಯವಾಗಿತ್ತು. ಅನೇಕ ಬೋರ್ಡುಗಳಲ್ಲಿ ಹೀಗಿರುತ್ತದೆ. ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಬರೆದಿರುತ್ತಾರೆ, ಓದುವವರು ಕಡಿಮೆ. ಹೀಗಾಗಿ ನಾಲ್ಕು ಡಿಸ್ಕುಗಳು ಬೋರ್ಡಿಗೂ ಉಳಿದ ನಾಲ್ಕು ಎಂಟು ಪೋರ್ಟಿನ ಅಗ್ಗದ ಸಾಟಾ ಕಾರ್ಡೊಂದಕ್ಕೂ ಸೇರಿದ್ದವು. ಆ ಕಾರ್ಡು ಬೋರ್ಡಿನ ಅತಿ ಚಿಕ್ಕ ಪಿಸಿಐಇ ಸ್ಲಾಟಿನಲ್ಲಿ (ಹೆಚ್ಚುವರಿ ಕಾರ್ಡು ಕೂರಿಸುವ ಸೀಳು), ಅಂದರೆ ಮಾಹಿತಿ ಸಾಗಲು ಒಂದೇ ಲೇನ್ ಇರುವ ಜಾಗದಲ್ಲಿ ಕೂತಿತ್ತು.

ಸಮಸ್ಯೆ

ಮೇ ತಿಂಗಳ ಮದುವೆ ಸೀಸನ್‌ನ ನಡುವೆ ಸರ್ವರ್ ಇದ್ದಕ್ಕಿದ್ದಂತೆ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತು. ಝಡ್‌ಎಫ್‌ಎಸ್ ಪೂಲ್ ಅಮಾನತಾಗಿ ನಾಲ್ಕು ಡಿಸ್ಕುಗಳು ಕಾಣೆಯಾಗಿದ್ದವು. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದರೆ ನಾಲ್ಕೂ ಮರಳಿ ಬರುತ್ತಿದ್ದವು, ಸ್ವಲ್ಪ ದಿನ ಸರಿಯಾಗಿ ನಡೆದು ಮತ್ತೆ ಅದೇ ಕಥೆ. ಆ ದಿನಗಳಲ್ಲಿ ಸಂಜೆಯ ಗುಡುಗು ಮಳೆ, ಕರೆಂಟು ಹೋಗಿ ಬರುವುದು ಇದ್ದೇ ಇತ್ತು, ಆದ್ದರಿಂದ ಮೊದಲು ಯುಪಿಎಸ್ ಮೇಲೆ ಅನುಮಾನ ಬಂದು ಅದರ ಬ್ಯಾಟರಿ ಬದಲಾಯಿಸಲಾಯಿತು. ಬಳಿಕ ಡಿಸ್ಕುಗಳ ಮೇಲೆ ಅನುಮಾನ ಬಂತು. ಹೊಸದಾಗಿ ನಾಲ್ಕು ಡಿಸ್ಕು ಕೊಳ್ಳುವ ಮಾತುಕತೆ ನಡೆಯುತ್ತಿದ್ದಾಗ ನನ್ನನ್ನು ಕರೆದರು. ಮಾಲೀಕರ ಮೊದಲ ಪ್ರಶ್ನೆಯೇ ಸರಿಯಾದ ದಿಕ್ಕಿನದ್ದಾಗಿತ್ತು: "ಅಲ್ಲ ಸಾರ್, ನಾಲ್ಕು ಡಿಸ್ಕೂ ಒಂದೇ ಸಲ ಹೆಂಗೆ ಕೆಡ್ತವೆ?"

ಹಾಗೆ ಕೆಡುವುದು ತೀರಾ ಅಪರೂಪ. ಲಿನಕ್ಸ್ ನಡೆದದ್ದನ್ನೆಲ್ಲ ಬರೆದಿಡುವ ಕರ್ನಲ್ ಲಾಗ್ ತೆರೆದು ನೋಡಿದಾಗ ಕಾಣೆಯಾದ ಡಿಸ್ಕುಗಳೆಲ್ಲ ಎಟಿಎ7.00ರಿಂದ ಎಟಿಎ7.03ರವರೆಗಿನ ಹೆಸರಿನಲ್ಲಿದ್ದವು, ಅವುಗಳ ಜೊತೆಗೆ ಎಟಿಎ7.15 ಎಂಬ ಇನ್ನೊಂದು ಸಾಲು ಇತ್ತು. ರೋಗದ ಮೂಲ ಅಲ್ಲೇ ಇದೆ. ನಾಲ್ಕು ಡಿಸ್ಕುಗಳಿಗೆ ನಾಲ್ಕು ಸ್ವತಂತ್ರ ಪೋರ್ಟುಗಳಿದ್ದಿದ್ದರೆ ಲಿನಕ್ಸ್ ಅವುಗಳಿಗೆ ನಾಲ್ಕು ಬೇರೆ ಬೇರೆ ಎಟಿಎ ಸಂಖ್ಯೆ ಕೊಡುತ್ತಿತ್ತು. ಒಂದೇ ಸಂಖ್ಯೆಯ ಕೆಳಗೆ ಚುಕ್ಕೆ ಹಾಕಿ ಎಣಿಸಿದೆ ಎಂದರೆ ಅವೆಲ್ಲ ಒಂದೇ ಪೋರ್ಟಿನ ಹಿಂದೆ ಕೂತಿವೆ; .15 ಎಂಬುದು ಆ ಪೋರ್ಟನ್ನು ಹಂಚುವ ಪೋರ್ಟ್ ಮಲ್ಟಿಪ್ಲೈಯರ್ ಚಿಪ್ಪಿನ ವಿಳಾಸ.

ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ದಾಖಲೆ ತೆಗೆದಾಗ ಮೂರು ಡಿಸ್ಕುಗಳು ಆರೋಗ್ಯವಾಗಿದ್ದವು. ನಾಲ್ಕನೆಯದರಲ್ಲಿ 197ನೇ ಅಂಶ, ಅಂದರೆ ಓದಲು ಬಾರದೆ ಮರುಹಂಚಿಕೆಗೆ ಕಾದಿರುವ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಂಡುಗಳ) ಎಣಿಕೆ ಏರಿತ್ತು. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕು ಇಂತಹ ಸೆಕ್ಟರ್ ಸಿಕ್ಕಾಗ ಸುಮ್ಮನೆ ಸೋಲೊಪ್ಪುವುದಿಲ್ಲ, ಒಂದೆರಡು ನಿಮಿಷದವರೆಗೂ ಮತ್ತೆ ಮತ್ತೆ ಓದಲು ಯತ್ನಿಸುತ್ತಿರಬಹುದು. ಲಿನಕ್ಸ್ ಕಾಯುವುದಾದರೋ ಸಾಮಾನ್ಯವಾಗಿ 30 ಸೆಕೆಂಡು. ಆ ಅವಧಿ ಮೀರಿದರೆ ಅದು ಡಿಸ್ಕಿನ ಸಂಪರ್ಕವನ್ನು ರೀಸೆಟ್ ಮಾಡುತ್ತದೆ, ಮತ್ತು ಪೋರ್ಟ್ ಮಲ್ಟಿಪ್ಲೈಯರ್ ಇದ್ದಲ್ಲಿ ಆ ರೀಸೆಟ್ಟಿನ ಪೆಟ್ಟು ಹಿಂದಿನ ಎಲ್ಲ ಡಿಸ್ಕುಗಳಿಗೂ ಬೀಳುತ್ತದೆ. ಒಂದು ಮನೆಯ ವೈರಿಂಗ್ ದೋಷಕ್ಕೆ ಇಡೀ ಬೀದಿಯ ಟ್ರಾನ್ಸ್‌ಫಾರ್ಮರ್ ಆರಿಸಿದ ಹಾಗೆ. ಮಲ್ಟಿಪ್ಲೈಯರ್ ಚೇತರಿಸಿಕೊಳ್ಳದಿದ್ದರೆ ನಾಲ್ಕೂ ಡಿಸ್ಕುಗಳು ಹೋದವೆಂದೇ ಲೆಕ್ಕ. ಎರಡು ಡಿಸ್ಕುಗಳ ನಷ್ಟ ತಡೆಯುವ ಪೂಲು ನಾಲ್ಕರ ನಷ್ಟ ತಡೆಯಲಾರದು, ಹಾಗಾಗಿ ಅಲ್ಲೇ ನಿಲ್ಲುತ್ತದೆ. ಮಾಹಿತಿ ಹಾಳಾಗಲಿಲ್ಲ ಎಂಬುದಷ್ಟೇ ಸಮಾಧಾನ.

ಇದರಿಂದ ಕೆಲಸದ ಸ್ವರೂಪ ಬದಲಾಯಿತು. ಕೊಳ್ಳಬೇಕಾದ ಡಿಸ್ಕು ನಾಲ್ಕರ ಬದಲು ಒಂದಕ್ಕೆ ಇಳಿಯಿತು, ಕಾರ್ಡಂತೂ ಬದಲಾಗಲೇಬೇಕಿತ್ತು. ಕಾರ್ಡಿನ ಬಾಬ್ತಿಗೆ ಎಲ್ಲ ಸೇರಿ ಹತ್ತು ಸಾವಿರ ರೂಪಾಯಿ ಮೀರಬಾರದು ಎಂಬುದು ಮಾಲೀಕರ ಷರತ್ತು. ಆಷಾಢದಲ್ಲಿ ಮದುವೆಗಳಿಲ್ಲ, ಸರ್ವರ್ ಬಿಚ್ಚಲು ಅದೇ ಒಳ್ಳೆಯ ಕಾಲ ಎಂದು ನಿರ್ಧರಿಸಿ ಅಲ್ಲಿಯವರೆಗೆ ಕೆಟ್ಟ ಡಿಸ್ಕನ್ನು ಕಳಚಿಟ್ಟು ಏಳು ಡಿಸ್ಕುಗಳಲ್ಲೇ ನಡೆಸಲಾಯಿತು. ಚಾಲ್ತಿಯಲ್ಲಿದ್ದ ಕೆಲಸಗಳ ಪ್ರತಿಯನ್ನು ಎಕ್ಸ್‌ಟರ್ನಲ್ ಡಿಸ್ಕುಗಳಿಗೆ ತೆಗೆದಿಡಲಾಯಿತು.

ಆಯ್ಕೆಗಳ ಪರಿಶೀಲನೆ

ಮಾಲೀಕರ ಮನಸ್ಸು ಮೊದಲು ಹೋದದ್ದು ರೇಡ್ ಕಾರ್ಡಿನ ಕಡೆಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು ಹಳೆಯ ಸರ್ವರಿನಿಂದ ತೆಗೆದ, 512 ಎಂಬಿ ಕ್ಯಾಶ್ ಮತ್ತು ಬ್ಯಾಟರಿ ಇರುವ ಕಾರ್ಡನ್ನು ಬಜೆಟ್ಟಿನೊಳಗೇ ಕೊಡುವುದಾಗಿ ಫೋನಿನಲ್ಲಿ ಹೇಳಿದ್ದರು. ಕೇಳಲು ಆಕರ್ಷಕವಾದ ಮಾತು ಅದು. ಆದರೆ ರೇಡ್ ಕಾರ್ಡು ಡಿಸ್ಕುಗಳನ್ನು ತನ್ನದೇ ಲೆಕ್ಕದಲ್ಲಿ ಜೋಡಿಸುತ್ತದೆ, ಆ ಲೆಕ್ಕವನ್ನು ತನ್ನದೇ ಶೈಲಿಯಲ್ಲಿ ಡಿಸ್ಕುಗಳ ಮೇಲೆ ಬರೆಯುತ್ತದೆ. ಈಗಿರುವ ಪೂಲನ್ನು ಅದರ ಕೆಳಗೆ ತರಬೇಕಾದರೆ ಇದ್ದ ಮಾಹಿತಿಯನ್ನೆಲ್ಲ ಬೇರೆ ಕಡೆ ಸಾಗಿಸಿ, ಡಿಸ್ಕುಗಳನ್ನು ಅಳಿಸಿ, ಹೊಸದಾಗಿ ಕಟ್ಟಬೇಕು. ಅಷ್ಟು ಖಾಲಿ ಜಾಗ ಸ್ಟುಡಿಯೊದಲ್ಲಿ ಇರಲಿಲ್ಲ. ಮುಂದೊಂದು ದಿನ ಕಾರ್ಡು ಕೆಟ್ಟರೆ ಅದೇ ವಂಶದ ಇನ್ನೊಂದು ಕಾರ್ಡು ಸಿಗುವವರೆಗೆ ಮದುವೆಗಳ ವಿಡಿಯೊ ಡಿಸ್ಕಿನಲ್ಲಿದ್ದೂ ಇಲ್ಲದಂತೆ. ಝಡ್‌ಎಫ್‌ಎಸ್‌ಗಂತೂ ಡಿಸ್ಕು ನೇರವಾಗಿ ಕೈಗೆ ಸಿಗಬೇಕು, ನಡುವೆ ಇನ್ನೊಬ್ಬ ಮೇಸ್ತ್ರಿ ಕೂತರೆ ಅದರ ದೋಷಪತ್ತೆಯ ಶಕ್ತಿ ಕುಂದುತ್ತದೆ. ಇಷ್ಟೆಲ್ಲ ವಿವರಿಸಿದ ಮೇಲೆ ಮಾಲೀಕರು ಕೇಳಿದ್ದು ಒಂದೇ: "ಬ್ಯಾಟರಿ ಹೊಸದಾ ಹಳೇದಾ?" ಹಳೆಯದು ಎಂದೆ. ಆ ಆಯ್ಕೆ ಅಲ್ಲಿಗೆ ಮುಗಿಯಿತು. ವಿಂಡೋಸ್ ಸರ್ವರ್ ನಡೆಸುವ, ಬಿಡಿಭಾಗದ ಖಾತರಿ ಇರುವ ಕಚೇರಿಯಾಗಿದ್ದರೆ ನನ್ನ ಸಲಹೆ ಬೇರೆಯಿರುತ್ತಿತ್ತು.

ಎರಡನೆಯದು ಮಲ್ಟಿಪ್ಲೈಯರ್ ಇಲ್ಲದ ಸಾಟಾ ಕಾರ್ಡು. ಇದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಎಎಸ್‌ಮೀಡಿಯಾದ ಎಎಸ್‌ಎಂ1166 ಚಿಪ್ಪಿನಲ್ಲಿ ಆರು, ಜೆಮೈಕ್ರಾನಿನ ಜೆಎಂಬಿ585ರಲ್ಲಿ ಐದು ನಿಜವಾದ ಸಾಟಾ ಪೋರ್ಟುಗಳಿವೆ. ಎರಡೂ ಪಿಸಿಐಇ 3.0ರ ಎರಡು ಲೇನು ಬಳಸುತ್ತವೆ. ನಾಲ್ಕು ಡಿಸ್ಕುಗಳಿಗೆ ಇವು ಧಾರಾಳವಾಗಿ ಸಾಕು. ತೊಂದರೆಯಿರುವುದು ಮಾರುಕಟ್ಟೆಯಲ್ಲಿ. ಕಾರ್ಡಿನ ಪೆಟ್ಟಿಗೆಯ ಮೇಲೆ ಪೋರ್ಟುಗಳ ಸಂಖ್ಯೆ ದೊಡ್ಡದಾಗಿ ಇರುತ್ತದೆ, ಚಿಪ್ಪಿನ ಹೆಸರು ಎಷ್ಟೋ ಸಲ ಇರುವುದೇ ಇಲ್ಲ, ಚಿಪ್ಪಿನ ಮೇಲೆ ಹೀಟ್ ಸಿಂಕ್ ಅಂಟಿಸಿರುತ್ತಾರೆ. ಇಂತಹ ಕಡೆ ಒಂದು ಸರಳ ಲೆಕ್ಕ ಉಪಯೋಗಕ್ಕೆ ಬರುತ್ತದೆ: ಈ ಚಿಪ್ಪುಗಳ ಮೇಲೆ ಕಟ್ಟಿದ ಕಾರ್ಡಿನಲ್ಲಿ ಎಂಟು, ಹತ್ತು, ಹದಿನಾರು ಪೋರ್ಟುಗಳು ಕಂಡರೆ ಹೆಚ್ಚುವರಿ ಪೋರ್ಟುಗಳು ಸಾಮಾನ್ಯವಾಗಿ ಮಲ್ಟಿಪ್ಲೈಯರಿನಿಂದ ಬಂದಿರುತ್ತವೆ. ಸ್ಟುಡಿಯೊದವರು ಮೊದಲು ಕೊಂಡ ಕಾರ್ಡೂ ಅದೇ ಜಾತಿಯದ್ದು.

ಮೂರನೆಯದು ಹಳೆಯ ಸರ್ವರುಗಳಿಂದ ಬರುವ ಸ್ಯಾಸ್ (ಸರ್ವರುಗಳಲ್ಲಿ ಡಿಸ್ಕು ಜೋಡಿಸುವ ಪದ್ಧತಿ) ಎಚ್‌ಬಿಎ ಕಾರ್ಡುಗಳು. ಎಚ್‌ಬಿಎ ಎಂದರೆ ಡಿಸ್ಕುಗಳನ್ನು ಇದ್ದ ಹಾಗೆ ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುವ, ಸ್ವಂತ ರೇಡ್ ಲೆಕ್ಕಾಚಾರ ಮಾಡದ ಕಾರ್ಡು. ಸ್ಯಾಸ್ ಕಂಟ್ರೋಲರಿಗೆ ಸಾಟಾ ಡಿಸ್ಕು ಜೋಡಿಸಬಹುದು, ಆದರೆ ಸಾಟಾ ಪೋರ್ಟಿಗೆ ಸ್ಯಾಸ್ ಡಿಸ್ಕು ಜೋಡಿಸಲು ಆಗುವುದಿಲ್ಲ. ಈ ಗುಂಪಿನಲ್ಲಿ ಅತಿ ಅಗ್ಗವಾಗಿ ಸಿಕ್ಕಿದ್ದು ಎಲ್‌ಎಸ್‌ಐ ಸ್ಯಾಸ್1068ಇ ಚಿಪ್ಪಿನ ಕಾರ್ಡು, ಬೆಲೆ ಕೇಳಿದರೆ ಕೈ ತಾನಾಗಿ ಜೇಬಿಗೆ ಹೋಗುವಷ್ಟು. ಆದರೆ ಆ ಚಿಪ್ಪು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಕಾಣಲಾರದು; ಸ್ಟುಡಿಯೊದ 4 ಟಿಬಿ ಡಿಸ್ಕುಗಳಿಗೆ ಅದು ಕೆಲಸಕ್ಕೆ ಬಾರದು. ಅದರ ಮುಂದಿನ ಪೀಳಿಗೆ ಸ್ಯಾಸ್2008, ಸೆಕೆಂಡಿಗೆ 6 ಗಿಗಾಬಿಟ್, ಪಿಸಿಐಇ 2.0ರ ಎಂಟು ಲೇನು. ಎಲ್‌ಎಸ್‌ಐ 9211-8ಐ, ಐಬಿಎಂ ಎಂ1015, ಡೆಲ್ ಎಚ್200, ಎಚ್310 ಎಂಬ ಹೆಸರುಗಳಲ್ಲೆಲ್ಲ ಇರುವುದು ಈ ಒಂದೇ ಚಿಪ್ಪು. ಅದರ ನಂತರ ಪಿಸಿಐಇ 3.0 ಇರುವ ಸ್ಯಾಸ್2308, ಆಮೇಲೆ 12 ಗಿಗಾಬಿಟ್ಟಿನ ಸ್ಯಾಸ್3008.

ವೇಗದ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಎಡಿಟಿಂಗ್ ಯಂತ್ರಗಳು ಸರ್ವರನ್ನು ಮುಟ್ಟುವುದು ಗಿಗಾಬಿಟ್ ನೆಟ್‌ವರ್ಕ್ ಮೂಲಕ, ಅದರ ಮಿತಿಯೇ ಸೆಕೆಂಡಿಗೆ 125 ಎಂಬಿ. ಎಂಟು ಡಿಸ್ಕುಗಳು ಒಟ್ಟಿಗೆ ಓಡುವುದು ಸ್ಕ್ರಬ್ (ಪೂಲಿನ ಮಾಹಿತಿಯನ್ನೆಲ್ಲ ಓದಿ ತಪ್ಪು ಹುಡುಕುವ ಕೆಲಸ) ಮತ್ತು ಡಿಸ್ಕು ಬದಲಾವಣೆಯ ಹೊತ್ತಿನಲ್ಲಿ ಮಾತ್ರ. ತಲಾ 200 ಎಂಬಿ ಹಿಡಿದರೂ 1.6 ಜಿಬಿ ಆಗುತ್ತದೆ. ಸ್ಯಾಸ್2008ರ ಎಂಟು ಲೇನುಗಳ ಸಾಮರ್ಥ್ಯ 4 ಜಿಬಿ. ತಿರುಗುವ ಡಿಸ್ಕುಗಳಿಗಾಗಿ ಇದಕ್ಕಿಂತ ಹೊಸ ಪೀಳಿಗೆಗೆ ದುಡ್ಡು ಸುರಿಯುವುದು ವ್ಯರ್ಥ.

ಎಂಟು ಲೇನಿನ ಕಾರ್ಡನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆಗೆ ಉತ್ತರ ಬೋರ್ಡಿನ ಮೇಲೇ ಖಾಲಿ ಬಿದ್ದಿತ್ತು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದುದರಿಂದ ಉದ್ದನೆಯ ಹದಿನಾರು ಲೇನಿನ ಸ್ಲಾಟನ್ನು ಯಾರೂ ಮುಟ್ಟಿರಲಿಲ್ಲ. "ಅದು ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಅಲ್ವಾ ಸಾರ್?" ಎಂದು ಎಡಿಟರ್ ಕೇಳಿದರು. ಅಲ್ಲ, ಸಾಮಾನ್ಯವಾಗಿ ಯಾವ ಪಿಸಿಐಇ ಕಾರ್ಡನ್ನಾದರೂ ಅಲ್ಲಿ ಹಾಕಬಹುದು.

ಮಾಲೀಕರೊಡನೆ ಹೆಚ್ಚು ಹೊತ್ತು ಚರ್ಚೆಯಾದದ್ದು ಬೇರೊಂದು ವಿಷಯಕ್ಕೆ. ಎಂಟೂ ಡಿಸ್ಕುಗಳನ್ನು ಒಂದೇ ಕಾರ್ಡಿಗೆ ಕಟ್ಟಿದರೆ, ಆ ಕಾರ್ಡು ಕೆಟ್ಟ ದಿನ ಎಲ್ಲವೂ ಹೋಗುವುದಿಲ್ಲವೇ? ನಾಲ್ಕು ಬೋರ್ಡಿನಲ್ಲಿ, ನಾಲ್ಕು ಕಾರ್ಡಿನಲ್ಲಿ ಇದ್ದರೆ ಅರ್ಧವಾದರೂ ಉಳಿಯುತ್ತದೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುವ ಈ ವಾದ ರೇಡ್-ಝಡ್2ರಲ್ಲಿ ನಿಲ್ಲುವುದಿಲ್ಲ. ಎರಡಕ್ಕಿಂತ ಹೆಚ್ಚು ಡಿಸ್ಕು ಒಮ್ಮೆಗೇ ಹೋದರೆ ಪೂಲು ನಿಲ್ಲುತ್ತದೆ. ನಾಲ್ಕು ಹೋದರೂ ಎಂಟು ಹೋದರೂ ಫಲ ಒಂದೇ. ಕಂಟ್ರೋಲರ್ ಕೆಟ್ಟಾಗಲೂ ಸರ್ವರ್ ನಡೆಯಬೇಕಾದರೆ ಯಾವ ಕಂಟ್ರೋಲರಿನಲ್ಲೂ ಎರಡಕ್ಕಿಂತ ಹೆಚ್ಚು ಡಿಸ್ಕು ಇರಕೂಡದು, ಅಂದರೆ ನಾಲ್ಕು ಕಂಟ್ರೋಲರ್ ಬೇಕು. ಸಣ್ಣ ಸ್ಟುಡಿಯೊಗೆ ಅದು ಅತಿಯಾಯಿತು. ಕಂಟ್ರೋಲರ್ ಕೆಟ್ಟಾಗ ಸಾಮಾನ್ಯವಾಗಿ ನಷ್ಟವಾಗುವುದು ಕೆಲಸದ ಹೊತ್ತು, ಮಾಹಿತಿ ಡಿಸ್ಕಿನಲ್ಲೇ ಇರುತ್ತದೆ. ಆ ಹೊತ್ತನ್ನು ಕಡಿಮೆ ಮಾಡಲು ಇನ್ನೊಂದು ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಂಡರೆ ಸಾಕು. ಒಂದು ಕಾರ್ಡಿನ ಬಜೆಟ್ಟು ಎರಡು ಕಾರ್ಡಿನ ಬಜೆಟ್ಟಾದದ್ದು ಇಲ್ಲಿ. ಅಗ್ಗದ ಹಳೆಯ ಸ್ಯಾಸ್2008 ಕಾರ್ಡೇ ಆಗಬೇಕು ಎಂಬ ತೀರ್ಮಾನಕ್ಕೂ ಇದೇ ಕಾರಣ, ಏಕೆಂದರೆ ಹೊಸ ಪೀಳಿಗೆಯ ಕಾರ್ಡಾಗಿದ್ದರೆ ಎರಡು ಕೊಳ್ಳಲು ಆಗುತ್ತಿರಲಿಲ್ಲ.

ಖರೀದಿ ಮತ್ತು ಜೋಡಣೆ

ಎಚ್310 ಕಾರ್ಡು ಎಲ್ಲಕ್ಕಿಂತ ಅಗ್ಗ. ಆದರೆ ಅದರ ಮೂಲ ಫರ್ಮ್‌ವೇರಿನಲ್ಲಿ (ಕಾರ್ಡಿನೊಳಗಿನ ತಂತ್ರಾಂಶ) ಆದೇಶಗಳ ಸರತಿ ಕೇವಲ 25ಕ್ಕೆ ಸೀಮಿತ, ಅದನ್ನು ಅಳಿಸಿ ಕಾರ್ಡನ್ನು ಬರೀ ಎಚ್‌ಬಿಎ ಆಗಿ ನಡೆಸುವ ಐಟಿ ಮೋಡಿನ ಫರ್ಮ್‌ವೇರ್ ಹಾಕಬೇಕು. ಜೊತೆಗೆ ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಕಾರ್ಡಿನ ಬಿ5 ಮತ್ತು ಬಿ6 ಪಿನ್ನುಗಳಿಗೆ ಟೇಪು ಅಂಟಿಸದ ಹೊರತು ಯಂತ್ರ ಆರಂಭವೇ ಆಗುವುದಿಲ್ಲ. ಮಾಡಲಾಗದ ಕೆಲಸವೇನಲ್ಲ. ಆದರೂ ನಾಳೆ ನಾನಿಲ್ಲದಾಗ ಎಡಿಟರ್ ಒಬ್ಬರೇ ಬೀರುವಿನ ಕಾರ್ಡು ತೆಗೆದು ಹಾಕುವಂತಿರಬೇಕು ಎಂಬ ಕಾರಣಕ್ಕೆ ಸ್ವಲ್ಪ ಹೆಚ್ಚು ಕೊಟ್ಟು, ಈಗಾಗಲೇ ಐಟಿ ಮೋಡಿಗೆ ತಂದಿದ್ದ ಎರಡು 9211-8ಐ ಕಾರ್ಡುಗಳನ್ನು ಗೊತ್ತು ಮಾಡಿದೆವು, ತಲಾ ಮೂರೂವರೆ ಸಾವಿರದ ಆಸುಪಾಸು.

ಈ ಮಾದರಿಯ ನಕಲಿ ಕಾರ್ಡುಗಳೂ ಹರಿದಾಡುವುದರಿಂದ ಕೊರಿಯರ್ ನೆಚ್ಚದೆ ಸುಮಾರು 180 ಕಿ.ಮೀ. ದೂರದ ಬೆಂಗಳೂರಿಗೇ ಹೋಗಿ, ಅಂಗಡಿಯ ಪರೀಕ್ಷಾ ಯಂತ್ರದಲ್ಲಿ ಎರಡನ್ನೂ ಕೂರಿಸಿ ನೋಡಿದೆವು. ಫರ್ಮ್‌ವೇರ್ ಸಾಲಿನಲ್ಲಿ 20.00.07.00 ಮತ್ತು ಐಟಿ ಎಂದು ಕಾಣಬೇಕು. 20ನೇ ಆವೃತ್ತಿಯ ಆರಂಭದ ಬಿಡುಗಡೆಗಳಲ್ಲಿ ದೋಷಗಳಿದ್ದವು, 07ಕ್ಕೆ ಅದು ಸ್ಥಿರವಾಯಿತು. ಒಂದು ಕಾರ್ಡಿನಲ್ಲಿ ಹಳೆಯ ಆವೃತ್ತಿ ಇತ್ತು, ಅಂಗಡಿಯವರೇ ಎದುರಿನಲ್ಲಿ ಬದಲಾಯಿಸಿಕೊಟ್ಟರು. ಫ್ಲ್ಯಾಶ್ ಮಾಡುವ, ಅಂದರೆ ಫರ್ಮ್‌ವೇರ್ ಬದಲಿಸುವ ಮುನ್ನ ಕಾರ್ಡಿನ ಹಿಂಬದಿಯ ಚೀಟಿಯಲ್ಲಿರುವ ಸ್ಯಾಸ್ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು, ಅಳಿಸಿದ ಮೇಲೆ ಅದನ್ನು ಮತ್ತೆ ತುಂಬಬೇಕಾಗುತ್ತದೆ.

ಕೇಬಲ್ಲಿನದು ಬೇರೆಯೇ ಬಲೆ. ಕಾರ್ಡಿನ ಎಸ್‌ಎಫ್‌ಎಫ್-8087 ಕನೆಕ್ಟರಿನಿಂದ ನಾಲ್ಕು ಸಾಟಾ ತುದಿ ಕವಲೊಡೆಯುವ ಕೇಬಲ್ಲುಗಳಲ್ಲಿ ಫಾರ್ವರ್ಡ್, ರಿವರ್ಸ್ ಎಂದು ಎರಡು ಬಗೆ. ಕಣ್ಣಿಗೆ ಎರಡೂ ಒಂದೇ, ಒಳಗಿನ ತಂತಿಗಳ ಜೋಡಣೆ ಬೇರೆ. ಕಾರ್ಡಿನಿಂದ ಡಿಸ್ಕಿಗೆ ಹೋಗಲು ಫಾರ್ವರ್ಡ್ ಬೇಕು. ರಿವರ್ಸ್ ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ, ಕೊಂಡವರು ಕಾರ್ಡೇ ಸತ್ತಿದೆ ಎಂದುಕೊಳ್ಳುತ್ತಾರೆ. ಅಂಗಡಿಯ ಪೊಟ್ಟಣದ ಮೇಲೆ ಯಾವುದೆಂದು ಬರೆದಿರಲಿಲ್ಲವಾದ್ದರಿಂದ ಡಿಸ್ಕು ಜೋಡಿಸಿ ನೋಡಿಯೇ ಕೊಂಡೆವು.

ಜೋಡಣೆ ಸರಾಗವಾಗಿತ್ತು. ಹಳೆಯ ಕಾರ್ಡು ತೆಗೆದು, ಹೊಸದನ್ನು ಉದ್ದನೆಯ ಸ್ಲಾಟಿಗೆ ಕೂರಿಸಿ, ಡಿಸ್ಕುಗಳನ್ನು ಯಾವ ಕ್ರಮವನ್ನೂ ನೋಡದೆ ಜೋಡಿಸಿ ಪೂಲನ್ನು ಇಂಪೋರ್ಟ್ ಮಾಡಿದ ಕೂಡಲೇ ಮದುವೆಗಳೆಲ್ಲ ಇದ್ದಲ್ಲೇ ಇದ್ದವು. ಯಾವ ಪೋರ್ಟಿಗಾದರೂ ಡಿಸ್ಕು ಹಚ್ಚಬಹುದಾದ ಈ ಸ್ವಾತಂತ್ರ್ಯಕ್ಕಾಗಿಯೇ ರೇಡ್ ಕಾರ್ಡನ್ನು ಬಿಟ್ಟದ್ದು.

ಗಮನ ಬೇಡಿದ್ದು ಶಾಖ. ಈ ಕಾರ್ಡುಗಳು ಜೋರಾಗಿ ಗಾಳಿ ನುಗ್ಗುವ ಸರ್ವರ್ ಪೆಟ್ಟಿಗೆಗೆಂದು ಮಾಡಿದವು. ಡೆಸ್ಕ್‌ಟಾಪ್ ಟವರಿನಲ್ಲಿ ಆ ಗಾಳಿ ಇಲ್ಲ. ಹಾಸನದ ಹವೆ ತಂಪಾದರೂ, ಕೆಲಸವಿಲ್ಲದೆ ಅರ್ಧ ಗಂಟೆ ಹಾಗೇ ನಡೆದ ಕಾರ್ಡಿನ ಹೀಟ್ ಸಿಂಕನ್ನು ಮುಟ್ಟಿದರೆ ಬೆರಳು ತಾಳದಷ್ಟು ಸುಡುತ್ತಿತ್ತು. ಹಾಗಾಗಿ ಸ್ಕ್ರಬ್ ಹಚ್ಚುವ ಮೊದಲೇ 80 ಮಿ.ಮೀ. ಫ್ಯಾನೊಂದನ್ನು ಪ್ಲಾಸ್ಟಿಕ್ ಟೈಗಳಿಂದ ಕಾರ್ಡಿಗೆ ಮುಖಮಾಡಿ ಕಟ್ಟಲಾಯಿತು. ಆಮೇಲೆ ಬೆರಳಿಟ್ಟರೆ ಬೆಚ್ಚಗಿತ್ತು, ಅಷ್ಟೇ.

ಪರಿಣಾಮ

ಮೊದಲ ಸ್ಕ್ರಬ್ ವೇಳೆ ಒಂದು ಡಿಸ್ಕಿನ 199ನೇ ಸ್ಮಾರ್ಟ್ ಅಂಶ ಏರತೊಡಗಿತು. ಇದು ಡಿಸ್ಕಿನ ತಟ್ಟೆಯ ದೋಷ ಹೇಳುವುದಿಲ್ಲ, ಕೇಬಲ್ ದಾರಿಯಲ್ಲಿ ಆದ ಸಿಆರ್‌ಸಿ ತಪ್ಪುಗಳನ್ನು ಎಣಿಸುತ್ತದೆ. ಆ ಡಿಸ್ಕಿಗೆ ಪಕ್ಕದ ತುದಿ ಹಚ್ಚಿ, ಪಕ್ಕದ್ದಕ್ಕೆ ಇದರ ತುದಿ ಕೊಟ್ಟಾಗ ಏರಿಕೆ ಇನ್ನೊಂದು ಡಿಸ್ಕಿಗೆ ವರ್ಗವಾಯಿತು. ಕೇಬಲ್ಲಿನ ಒಂದು ಕವಲು ಕೆಟ್ಟಿತ್ತು, ಬದಲಾಯಿಸಿದೆವು. ಈ ಎಣಿಕೆ ಹಿಂದಕ್ಕೆ ಇಳಿಯುವುದಿಲ್ಲ, ಮುಂದಕ್ಕೆ ಏರದಿದ್ದರೆ ಸರಿಯಾಯಿತೆಂದು ಅರ್ಥ.

ಕಾರ್ಡಿನ ನಿಜವಾದ ಪರೀಕ್ಷೆ ಆಗಿದ್ದು ಉದ್ದೇಶಪೂರ್ವಕವಾಗಿ. ಹೊಸ ಡಿಸ್ಕು ಬರುವ ಮುನ್ನ, ಕಳಚಿಟ್ಟಿದ್ದ ಕೆಟ್ಟ ಡಿಸ್ಕನ್ನೇ ಹೊಸ ಕಾರ್ಡಿಗೆ ಹಚ್ಚಿ ಪೂಲಿಗೆ ಸೇರಿಸಿ ಮತ್ತೊಮ್ಮೆ ಸ್ಕ್ರಬ್ ನಡೆಸಿದೆವು. ಆಷಾಢವಾದ್ದರಿಂದ ಇಂತಹ ಪ್ರಯೋಗಕ್ಕೆ ಬಿಡುವಿತ್ತು, ಬೇಕಾದ ಪ್ರತಿಗಳೂ ಹೊರಗಿದ್ದವು. ಡಿಸ್ಕು ಹಳೆಯ ಜಾಗದಲ್ಲೇ ಎಡವಿತು. ಲಾಗಿನಲ್ಲಿ ಆ ಒಂದು ಡಿಸ್ಕಿನ ಆದೇಶಗಳು ರದ್ದಾದ, ಅದೊಂದೇ ರೀಸೆಟ್ ಆದ ಸಾಲುಗಳು ಬಂದವು. ಝಡ್‌ಎಫ್‌ಎಸ್ ಅದರ ತಪ್ಪುಗಳನ್ನು ಎಣಿಸಿ ದೋಷಪೂರಿತವೆಂದು ಬದಿಗಿಟ್ಟಿತು. ಉಳಿದ ಏಳರ ಮುಂದೆ ಸೊನ್ನೆಗಳೇ ಇದ್ದವು. ಅದೇ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಒಂದು ಧಾರೆಯ ಎಡಿಟಿಂಗ್ ನಡೆಯುತ್ತಿತ್ತು, ಕೂತವರಿಗೆ ಏನೂ ತಿಳಿಯಲಿಲ್ಲ. ಹೊಸ ಡಿಸ್ಕು ಬಂದ ಮೇಲೆ ಅದನ್ನು ಸೇರಿಸಿ ಪೂಲನ್ನು ಪೂರ್ಣಗೊಳಿಸಲಾಯಿತು. ಜೊತೆಗೆ, ದೋಷ ಕಂಡಾಗ 7 ಸೆಕೆಂಡಿನಲ್ಲಿ ಕೈಬಿಡುವ ಸೌಲಭ್ಯ ಇರುವ ಡಿಸ್ಕುಗಳಲ್ಲಿ ಅದನ್ನು ಸಕ್ರಿಯಗೊಳಿಸಿ, ಇಲ್ಲದವುಗಳಿಗೆ ಲಿನಕ್ಸ್ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸಿದೆವು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ, ಯಂತ್ರ ಆರಂಭವಾದಾಗಲೆಲ್ಲ ತಾನೇ ಓಡುವ ನಾಲ್ಕು ಸಾಲಿನ ಸ್ಕ್ರಿಪ್ಟು ಸಾಕು.

ಎರಡು ಕಾರ್ಡು, ಕೇಬಲ್ಲುಗಳು, ಫ್ಯಾನು ಎಲ್ಲ ಸೇರಿ ಖರ್ಚು ಒಂಬತ್ತು ಸಾವಿರ ದಾಟಿ ಹತ್ತರೊಳಗೆ ನಿಂತಿತು. ಎರಡನೇ ಕಾರ್ಡನ್ನು ಬೀರುವಿಗೆ ಹಾಕುವ ಮುನ್ನ ಒಮ್ಮೆ ಸ್ಲಾಟಿನಲ್ಲಿ ಕೂರಿಸಿ, ಎಡಿಟರ್ ಕೈಯಲ್ಲೇ ಪೂಲನ್ನು ಇಂಪೋರ್ಟ್ ಮಾಡಿಸಿದೆ. ಪರೀಕ್ಷಿಸದ ಬಿಡಿ ಕಾರ್ಡನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂತಹದ್ದೇ ಆಯ್ಕೆ ಮಾಡಲಿರುವವರು ಎರಡು ಮಿತಿಗಳನ್ನು ಗಮನಿಸಬೇಕು. ಸ್ಯಾಸ್2008 ಹಳೆಯ ಚಿಪ್ಪು. ಡೆಬಿಯನ್ನಿನಲ್ಲಿ ಅದು ನಿರಾಯಾಸವಾಗಿ ನಡೆಯುತ್ತದೆ, ಆದರೆ ರೆಡ್ ಹ್ಯಾಟ್ ತನ್ನ 8ನೇ ಆವೃತ್ತಿಯಿಂದ ಅದರ ಬೆಂಬಲ ಕೈಬಿಟ್ಟಿದೆ, ಆ ದಾರಿಯಲ್ಲಿರುವವರು ಸ್ಯಾಸ್3008 ನೋಡುವುದು ಮೇಲು. ಇನ್ನೊಂದು ಎಸ್‌ಎಸ್‌ಡಿಗಳ ವಿಚಾರ: ಟ್ರಿಮ್ ಆದ, ಅಂದರೆ ಇನ್ನು ಬಳಕೆಯಲ್ಲಿಲ್ಲವೆಂದು ಎಸ್‌ಎಸ್‌ಡಿಗೆ ತಿಳಿಸಿದ ಜಾಗವನ್ನು ಓದಿದಾಗ ಸೊನ್ನೆಯನ್ನೇ ಹಿಂತಿರುಗಿಸುವೆನೆಂದು ಸಾರುವ ಎಸ್‌ಎಸ್‌ಡಿಗಳಿಗೆ ಮಾತ್ರ ಈ ಕಾರ್ಡುಗಳು ಟ್ರಿಮ್ ಆದೇಶ ದಾಟಿಸುತ್ತವೆ, ಅಗ್ಗದ ಎಷ್ಟೋ ಎಸ್‌ಎಸ್‌ಡಿಗಳು ಆ ಗುಂಪಿಗೆ ಸೇರುವುದಿಲ್ಲ. ಸ್ಟುಡಿಯೊದವರು ಮುಂದಿನ ಸೀಸನ್ನಿಗೆ ಎಡಿಟಿಂಗ್‌ಗೆಂದೇ ಎರಡು ಎಸ್‌ಎಸ್‌ಡಿ ಸೇರಿಸುವ ಆಲೋಚನೆಯಲ್ಲಿದ್ದಾರೆ. ಅವನ್ನು ಕಾರ್ಡಿಗೆ ಹಚ್ಚುವ ಅಗತ್ಯವಿಲ್ಲ. ಎಂಟು ಡಿಸ್ಕುಗಳೂ ಕಾರ್ಡಿಗೆ ಹೋದ ಮೇಲೆ ಮದರ್‌ಬೋರ್ಡಿನ ಐದು ಸಾಟಾ ಪೋರ್ಟುಗಳು ಖಾಲಿಯಿವೆ.